ಅಮ್ಮನ ಬಿಳಿ ಐದು

ಸಂಜೆ ಆರೂವರೆಗೆ ಠಾಣೆಯಿಂದ ಡೊಂಬಿವಲಿ ಕಡೆಗೆ ಹೊರಡುವ ಲೋಕಲಿನಲ್ಲಿ ಮಡಿಸಿದ ಕೊಡೆಗೂ ಜಾಗ ಸಿಗುವುದು ಕಷ್ಟ. ಅಂಥ ಗಾಡಿಯನ್ನು ನಾನು ಒಂದು ಮೀಟರ್ ಉದ್ದದ ರಟ್ಟಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಹತ್ತಿದೆ. ಹತ್ತಿದೆ ಎನ್ನುವುದು ನನ್ನ ಜಂಬ, ಹಿಂದಿನವರು ಹತ್ತಿಸಿದರು. ಅದು ಸಾಮಾನಿನ ಬೋಗಿ ಎಂದು ಹೆಸರು, ಒಳಗೆ ಸಾಮಾನಿಗಿಂತ ಜನರೇ ಹೆಚ್ಚು.

ಐವತ್ತೆರಡು ವರ್ಷದ ಮನುಷ್ಯ ನಾನು. ತುರ್ಭೆಯ ಒಂದು ಗೋದಾಮಿನಲ್ಲಿ ಸರಕು ಕಳಿಸುವ ವಿಭಾಗದ ಕೆಲಸ. ಸಕ್ಕರೆ ಸ್ವಲ್ಪ ಮೇಲೆ, ಪ್ರತಿ ತಿಂಗಳು ಒಂದಲ್ಲ ಒಂದು ಅವಯವದ ಬಗ್ಗೆ ಸಂಶಯ. ಅಂಥವನ ಎದೆ ಆ ಸಂಜೆ ಡಬಡಬ ಹೊಡೆದುಕೊಳ್ಳುತ್ತಿದ್ದಾಗ ಅದು ಸಂತೋಷಕ್ಕೆ ಎಂದು ನನಗೇ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಎಡಗೈ ನೋಯುತ್ತಿದೆಯೇ ಎಂದು ಪರೀಕ್ಷಿಸಿಕೊಂಡೆ. ನೋಯುತ್ತಿತ್ತು. ಪೆಟ್ಟಿಗೆಯನ್ನು ಹಿಡಿದ ಕೈ ಅದೇ ಆಗಿತ್ತು.

ಪಕ್ಕದಲ್ಲಿ ಖಾಲಿ ಬುಟ್ಟಿಯ ಮೇಲೆ ಕೂತಿದ್ದ ಮೀನಿನ ಮೌಶಿ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ಕೇಳಿದಳು, "ಕಾಯ್ ಆಹೆ ಹ್ಯಾತ್?" ಏನಿದೆ ಇದರಲ್ಲಿ ಎಂದು.

"ಕೀಬೋರ್ಡ್. ವಾಜವಾಯ್‌ಚಾ," ಎಂದೆ. ಬಾರಿಸುವುದು.

"ಮಗ್ ವಾಜವ್ ನಾ."

ಬಾರಿಸು ಮತ್ತೆ ಎಂದು ಅಷ್ಟು ಸುಲಭವಾಗಿ ಹೇಳಿಬಿಟ್ಟಳು. ಸೆಲ್ ಹಾಕಿಲ್ಲ ಎಂದು ತಪ್ಪಿಸಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಬಾರಿಸಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಆ ಮಾತನ್ನು ಯಾರೂ ಕೇಳಲಿಲ್ಲ. ಕೆಳಗಿನಿಂದ ಎರಡನೆಯ ಬೆಲೆಯದನ್ನು ತೋರಿಸಿ, ಬಿಲ್ ಯಾರ ಹೆಸರಿಗೆ ಎಂದಷ್ಟೇ ಕೇಳಿದರು.

ದಿವಾ ಸ್ಟೇಷನ್ನಿನಲ್ಲಿ ಇಳಿಯುವವರೂ ಹತ್ತುವವರೂ ಒಂದೇ ಬಾಗಿಲಿನಲ್ಲಿ ಸೇರಿದಾಗ ಪೆಟ್ಟಿಗೆಯ ಒಂದು ಮೂಲೆ ಒಳಗೆ ಕುಸಿಯಿತು. ಅರವತ್ತೊಂದು ಕೀಗಳಲ್ಲಿ ಎಷ್ಟು ಉಳಿದವು ಎಂದು ಲೆಕ್ಕ ಹಾಕುತ್ತ ನಾನು ಬೆವರುತ್ತಿರುವಾಗ ಮೌಶಿ ತನ್ನ ಬುಟ್ಟಿಯನ್ನು ನನ್ನ ಮುಂದೆ ಸರಿಸಿ, ಮೊಣಕೈಗಳನ್ನು ಅಗಲಿಸಿ ಕೂತಳು. ಡೊಂಬಿವಲಿ ಬರುವವರೆಗೆ ಆ ಮೊಣಕೈಗಳನ್ನು ದಾಟಿ ಯಾರೂ ಬರಲಿಲ್ಲ. ಕೀಬೋರ್ಡಿಗೆ ಒಂದು ವಾರ ತೆಳ್ಳಗೆ ಬಂಗುಡೆಯ ವಾಸನೆ ಇತ್ತು. ಸಸ್ಯಾಹಾರಿಯಾದ ನನ್ನ ಅಮ್ಮ ಅದನ್ನು ಹೊಸ ಪ್ಲಾಸ್ಟಿಕ್ಕಿನ ವಾಸನೆ ಎಂದು ನಂಬಿದರು. ನಾನು ತಿದ್ದಲು ಹೋಗಲಿಲ್ಲ.

ಮನೆಯಲ್ಲಿ ಹೇಳಿದ್ದು, ಮಗಳಿಗೋಸ್ಕರ ತಂದಿದ್ದೇನೆ ಎಂದು.

"ಅಕಿ ಯಾವಾಗ ಕೇಳಿದ್ಲು ರೀ?" ಎಂದಳು ಹೆಂಡತಿ. ಅವಳು ಹುಬ್ಬಳ್ಳಿಯವಳು, ಪ್ರಶ್ನೆಯಲ್ಲೇ ತೀರ್ಪೂ ಇರುತ್ತದೆ.

ಒಳಗಿನಿಂದ ಮಗಳ ಧ್ವನಿ ಬಂತು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ. "ಪಪ್ಪಾ, ಮೈನೆ ಕಬ್ ಬೋಲಾ? ಆಪ್‌ಕೋ ಚಾಹಿಯೇ ತೋ ಸೀಧಾ ಬೋಲೋ ನಾ." ನಾನೆಲ್ಲಿ ಕೇಳಿದೆ, ನಿಮಗೇ ಬೇಕಿದ್ದರೆ ನೇರ ಹೇಳಿ ಎಂದು.

"ಇಡೂದು ಎಲ್ಲಿ? ನಿಮ್ಮ ತಲಿ ಮ್ಯಾಲ?" ಎಂದು ಹೆಂಡತಿ ಮುಂದುವರಿಸಿದಳು. ಎರಡು ಕೋಣೆಯ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಕೊನೆಗೆ ಇಸ್ತ್ರಿ ಮೇಜಿನ ಮೇಲೆ ಇಟ್ಟೆವು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಬೆಳಿಗ್ಗೆ ಏಳರವರೆಗೆ ಮೇಜು ಇಸ್ತ್ರಿಗೆ, ಆಮೇಲೆ ಸಂಗೀತಕ್ಕೆ ಎಂದು ಒಪ್ಪಂದವಾಯಿತು. ಇವತ್ತಿಗೂ ನನ್ನ ಅಂಗಿಗಳ ತೋಳಿನಲ್ಲಿ ಆ ಅವಸರ ಕಾಣುತ್ತದೆ.

ಈ ಆಸೆ ಹುಟ್ಟಿದ್ದು ಎಲ್ಲಿ ಎಂದರೆ, ನಮ್ಮ ಭಜನಾ ಮಂಡಳಿಯ ಚಾಪೆಯ ಮೇಲೆ. ಉಡುಪಿ ಕಡೆಯಿಂದ ಬಂದ ಐವತ್ತು ಅರವತ್ತು ಮನೆಗಳ ಮಂಡಳಿ ಅದು. ಹೋಟೆಲಿನವರು, ಬ್ಯಾಂಕಿನವರು, ಅಂಬರನಾಥದ ಕಾರ್ಖಾನೆಗಳಿಗೆ ಹೋಗುವವರು. ಶನಿವಾರ ಸಂಜೆ ಡೊಂಬಿವಲಿಯ ಒಂದು ಶಾಲೆಯ ಸಭಾಂಗಣದಲ್ಲಿ ಭಜನೆ. ಹಾರ್ಮೋನಿಯಂ ಬಾರಿಸುವವರು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಹಿರಿಯರು. ನಾವೆಲ್ಲ ಹಾರ್ಮೋನಿಯಂ ಮಾಮ ಎನ್ನುತ್ತೇವೆ. ಚಿಕ್ಕಂದಿನಲ್ಲಿ ಅವರ ಪೆಟ್ಟಿಗೆಯ ಹತ್ತಿರ ಕೈ ಒಯ್ದರೆ "ಮುಟ್ಬೇಡ, ರೀಡ್ ಹೋಗ್ತದೆ" ಎನ್ನುತ್ತಿದ್ದರು. ರೀಡ್ ಎಂದರೇನು, ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ನಾನು ನಲವತ್ತು ವರ್ಷ ಕೈ ಹಿಂದಕ್ಕೆ ಕಟ್ಟಿಕೊಂಡು ಕಳೆದೆ. ಕೀಬೋರ್ಡಿನಲ್ಲಿ ರೀಡ್ ಇಲ್ಲ ಎಂದು ಅಂಗಡಿಯವನು ಹೇಳಿದಾಗಲೇ ನಾನು ಜೇಬಿಗೆ ಕೈ ಹಾಕಿದ್ದು.

ಮೊದಲ ವಾರ ನಾನು ಮನುಷ್ಯರ ಹಾಗೆ ಇರಲಿಲ್ಲ. ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಸ್ವಿಚ್ ಒತ್ತುತ್ತಿದ್ದೆ. ಒಂದೇ ಕೀಯಲ್ಲಿ ಪಿಯಾನೋ, ಕೊಳಲು, ಸಿತಾರ್, ನಾಯಿ ಬೊಗಳುವುದು, ಹೆಲಿಕಾಪ್ಟರ್. ಹೆಲಿಕಾಪ್ಟರಿನಲ್ಲಿ ಸರಿಗಮ ಬಾರಿಸಿದರೆ ಹೇಗಿರುತ್ತದೆ ಎಂದು ತಿಳಿದ ಕೆಲವೇ ಜನರಲ್ಲಿ ನಾನೂ ಒಬ್ಬ. ಬಿಳಿ ಕೀಗಳ ಮೇಲೆ ಸ, ರಿ, ಗ, ಮ ಎಂದು ಚೀಟಿ ಅಂಟಿಸಿದೆ. ಕರಿ ಕೀಗಳನ್ನು ಆಮೇಲೆ ನೋಡೋಣ ಎಂದು ಬಿಟ್ಟೆ. ಚಿಂತೆಗಳೂ ಜೊತೆಗೇ ಬಂದವು. ಮಳೆಗಾಲದ ತೇವಕ್ಕೆ ಒಳಗೆ ಬೂಸು ಬಂದರೆ? ಇರುವೆ ಹೊಕ್ಕರೆ? ಕರೆಂಟ್ ಏರಿಳಿದು ಸುಟ್ಟರೆ? ಕೈಪಿಡಿಯನ್ನು ಮೂರು ಸಲ ಓದಿದೆ. ದಿನವೂ ಮಲಗುವ ಮೊದಲು ಅಮ್ಮನ ಹಳೆಯ ನೂಲಿನ ಸೀರೆ ಹೊದಿಸಿ, ಪ್ಲಗ್ ತೆಗೆದು, ತೆಗೆದಿದ್ದೇನೆಯೇ ಎಂದು ಮತ್ತೊಮ್ಮೆ ನೋಡುತ್ತಿದ್ದೆ.

ಹದಿನೈದು ದಿನದಲ್ಲಿ ಒಂದು ದೇವರನಾಮ ಎರಡು ಬೆರಳಿನಲ್ಲಿ ಬಂತು. ನಾನು ಕುರ್ಚಿಯಿಂದ ಎದ್ದು ಮನೆಯೊಳಗೆ ಒಂದು ಸುತ್ತು ನಡೆದೆ. ಸುತ್ತು ಎಂದರೆ ನಮ್ಮಲ್ಲಿ ಒಂಬತ್ತು ಹೆಜ್ಜೆ. ಆಗ ಅಡುಗೆಮನೆಯಲ್ಲಿ ಬಸಳೆ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು:

"ಕೊನೆಗೆ ಬರುವಾಗ ನಿಷಾದ ಮುಟ್ಟಿ ಬರ್ಬೇಕು ಮಗಾ. ನೀನು ಹಾರಿ ಬಂದದ್ದು."

ಆ ಮಾತು ಕೇಳಿ ನನಗೆ ತಿದ್ದಿಸಿಕೊಂಡ ಬೇಸರಕ್ಕಿಂತ ಬೇರೆಯೇ ಏನೋ ಆಯಿತು. ಅಮ್ಮ ಸಂಗೀತದ ಬಗ್ಗೆ ಬಾಯಿ ತೆರೆದು ಒಂದು ವರ್ಷವಾಗಿತ್ತು.

ನಡೆದದ್ದು ಇಷ್ಟು. ಹಿಂದಿನ ವರ್ಷದ ಭಜನಾ ಮಂಗಲೋತ್ಸವದಲ್ಲಿ ಅಮ್ಮ ಹಾಡುತ್ತಿದ್ದಾಗ ಮೇಲಿನ ಷಡ್ಜಕ್ಕೆ ಹೋಗಿ ಸ್ವರ ಒಡೆಯಿತು. ಮತ್ತೆ ಏರಿಸಿದರು, ಮತ್ತೆ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿಯರು ನಕ್ಕರು. ಹಾರ್ಮೋನಿಯಂ ಮಾಮ ಕಾಳಜಿಯಿಂದಲೇ, ಆದರೆ ಮೈಕಿನ ಹತ್ತಿರ, "ಸಾಕು ಅಕ್ಕ, ಗಂಟಲಿಗೆ ರೆಸ್ಟ್ ಕೊಡಿ" ಎಂದರು. ಅಮ್ಮ ನಕ್ಕು ತಾಳ ಕೈಗೆ ತೆಗೆದುಕೊಂಡರು. ಅಂದಿನಿಂದ ಬರೀ ತಾಳ. ಮನೆಯಲ್ಲಿ ದೋಸೆ ಎರೆಯುವಾಗ ಗುನುಗುತ್ತಿದ್ದದ್ದೂ ನಿಂತಿತು. ಅಮ್ಮನಿಗೆ ಎಪ್ಪತ್ತಾರು, ಅವರು ಹಾಡದೆ ಸುಮ್ಮನೆ ದೋಸೆ ಎರೆಯುವುದನ್ನು ನಾನು ಎಂದೂ ನೋಡಿರಲಿಲ್ಲ. ಕಾವಲಿಯ ಸದ್ದು ಮಾತ್ರ ಕೇಳುವ ಅಡುಗೆಮನೆ ಬೇರೆಯವರದು ಎನ್ನಿಸುತ್ತಿತ್ತು.

ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ಮಂಗಲೋತ್ಸವದ ಕೊನೆಗೆ ಹಾಡುವ ಮಂಗಳವನ್ನು ಎತ್ತಿಕೊಡುವುದು ಮಂಡಳಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರಾದವರು. ಬಹಳ ವರ್ಷ ಅದನ್ನು ಎತ್ತಿಕೊಟ್ಟ ಕಲ್ಯಾಣದ ಒಬ್ಬರು ದೊಡ್ಡಮ್ಮ ಈಗ ಪುಣೆಯಲ್ಲಿ ಮಗಳ ಮನೆ ಸೇರಿದ್ದರು. ಸರದಿ ಅಮ್ಮನಿಗೆ ಬಂತು. ಕೇಳಲು ಬಂದ ಮಂಡಳಿಯವರಿಗೆ ಅಮ್ಮ ಕಾಫಿ ಕೊಟ್ಟು, "ಬೇರೆ ಯಾರಾದ್ರೂ ಹೇಳ್ಲಿ, ನನ್ನ ಸ್ವರ ಹೋಯ್ತು" ಎಂದು ಕಳಿಸಿದ್ದರು. ಈ ಸಲ ಬಿಟ್ಟುಕೊಟ್ಟರೆ ಅವರು ಮತ್ತೆಂದೂ ಹಾಡುವುದಿಲ್ಲ ಎನ್ನುವುದು ನನಗೆ ಖಚಿತವಾಗಿತ್ತು. ನನ್ನ ನೂರು ಚಿಂತೆಗಳಲ್ಲಿ ತೊಂಬತ್ತೊಂಬತ್ತು ಸುಳ್ಳಾಗುತ್ತವೆ. ಇದು ಆ ನೂರನೆಯದು ಎಂದು ಒಳಗೆ ಯಾರೋ ಹೇಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಕೀಬೋರ್ಡ್ ಚಾಲೂ ಇರುವಾಗಲೇ ಬಟ್ಟೆಯಿಂದ ಅದರ ಧೂಳು ಒರೆಸಿದೆ. ಒರೆಸಿ ಕೂತು ದೇವರನಾಮ ಶುರು ಮಾಡಿದರೆ ಧ್ವನಿ ಎಲ್ಲೋ ಪಾತಾಳದಿಂದ ಬರುತ್ತಿದೆ. ಬೆರಳು ಅದೇ ಕೀಗಳ ಮೇಲೆ, ಸ್ವರ ಮಾತ್ರ ತೀರ ಕೆಳಗೆ. ಪುಟ್ಟ ಪರದೆಯಲ್ಲಿ ಒಂದು ಗೆರೆ ಮತ್ತು ಐದು ಎಂಬ ಅಂಕಿ. ಮೈನಸ್ ಐದು. ನನಗೆ ಗೊತ್ತಿದ್ದ ಮಟ್ಟಿಗೆ ಮೈನಸ್ ಎಂಬುದು ಯಾವ ವರದಿಯಲ್ಲೂ ಒಳ್ಳೆಯ ಸುದ್ದಿಯಲ್ಲ. ಕೆಟ್ಟಿತು ಎಂದುಕೊಂಡೆ. ಅಂಗಡಿಗೆ ಫೋನ್ ಮಾಡಿದೆ. ಭಾನುವಾರ ಯಾರು ಎತ್ತುತ್ತಾರೆ. ಬಾರಿಸುತ್ತಾ ಹೋದರೆ ತಾನೇ ಸರಿಯಾದೀತು ಎಂಬ ಮೂಢನಂಬಿಕೆಯಿಂದ ಮತ್ತೆ ಮೊದಲಿನಿಂದ ಬಾರಿಸಿದೆ.

ಎರಡನೆಯ ಸಾಲಿಗೆ ಬರುವಾಗ ಅಡುಗೆಮನೆಯಿಂದ ಹಾಡು ಕೇಳಿಸಿತು.

ಗುನುಗು ಅಲ್ಲ, ಹಾಡು. ಶಬ್ದ ಸಮೇತ. ತುಂಬಿದ, ಸ್ವಲ್ಪ ಒರಟಾದ, ಎಲ್ಲೂ ಒಡೆಯದ ಧ್ವನಿ. ಅಮ್ಮ ನನ್ನ ಕಡೆ ಬೆನ್ನು ಹಾಕಿ ತೆಂಗಿನಕಾಯಿ ತುರಿಯುತ್ತಿದ್ದರು. ತಾವು ಹಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತೇ ಇರಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ಮೇಲಿನ ಷಡ್ಜ ಹತ್ತಿರ ಬಂದಂತೆ ನಾನು ಉಸಿರು ಹಿಡಿದೆ. ಬಂತು, ಹತ್ತಿದರು, ನಿಂತರು, ಇಳಿದರು. ಚಪ್ಪರಕ್ಕೆ ಹತ್ತಿದ ಹೀರೆ ಬಳ್ಳಿಯ ಹಾಗೆ ಸಲೀಸು. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ ಎಂಬ ಹೆದರಿಕೆಗೆ ಅದೇ ಹಾಡನ್ನು ಮೂರು ಸಲ ಬಾರಿಸಿದೆ. ಒಗೆದ ಬಟ್ಟೆ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತು, ಬಾರಿಸ್ರಿ ಬಾರಿಸ್ರಿ ಎಂದು ಕೈಸನ್ನೆ ಮಾಡಿದಳು. ಮದುವೆಯಾದ ಮೇಲೆ ಅವಳು ನನ್ನ ಯಾವ ಕೆಲಸವನ್ನೂ ನಿಲ್ಲಿಸಬೇಡಿ ಎಂದದ್ದು ಅದೇ ಮೊದಲು.

ಆಮೇಲೆ ಕೈಪಿಡಿ ನೋಡಿದೆ. ಮೂರು ಸಲ ಓದಿದ್ದರೂ ಆ ಪುಟವನ್ನು ನಾನು ಇರುವೆ ಬಾಧೆಯ ಎಚ್ಚರಿಕೆಗಾಗಿ ಮಾತ್ರ ಓದಿದ್ದೆ. ಶ್ರುತಿ ಬದಲಿಸುವ ಗುಂಡಿ ಅದು. ಒಂದು ಸಲ ಒತ್ತಿದರೆ ಇಡೀ ಕೀಬೋರ್ಡ್ ಅರ್ಧ ಸ್ವರ ಇಳಿಯುತ್ತದೆ. ನನ್ನ ಬಟ್ಟೆ ಐದು ಸಲ ಒತ್ತಿತ್ತು. ನಮ್ಮ ಮಂಡಳಿಯಲ್ಲಿ ಎಲ್ಲ ಹಾಡೂ ಬಿಳಿ ಒಂದರಲ್ಲಿ. ಅಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಕೀಯೇ ಷಡ್ಜ. ಅದು ಮಾಮನ ಗಂಟಲಿಗೆ ಹೊಂದುವ ಶ್ರುತಿ. ಇಷ್ಟು ವರ್ಷ ಅಮ್ಮ ಅದಕ್ಕೆ ಏರಿ ಏರಿ ಹಾಡಿದ್ದರು, ವಯಸ್ಸಾದ ಮೇಲೆ ಏರಲು ಆಗಲಿಲ್ಲ, ಅಷ್ಟೇ. ಸ್ವರ ಹೋಗಿರಲಿಲ್ಲ. ಐದು ಮೆಟ್ಟಿಲು ಕೆಳಗೆ, ಕೆಳಗಿನ ಸಪ್ತಕದ ಐದನೆಯ ಬಿಳಿ ಕೀಯಲ್ಲಿ, ಅಂದರೆ ಬಿಳಿ ಐದರಲ್ಲಿ, ಕಾಲು ಚಾಚಿ ಕೂತಿತ್ತು.

"ಅಮ್ಮ, ನೀವು ಹಾಡಿದ್ರಿ," ಎಂದೆ.

"ನಾನೆಲ್ಲಿ ಹೇಳಿದೆ? ನಿಂಗೆ ಕಿವಿಯಲ್ಲಿ ಎಂತದೋ ಆಗಿದೆ. ಡಾಕ್ಟ್ರಿಗೆ ತೋರ್ಸು."

ನಾನು ನಿಜವಾಗಿ ಕಿವಿ ಮುಟ್ಟಿ ನೋಡಿಕೊಂಡೆ. ಆಗ ಮಗಳು ಮೊಬೈಲ್ ಹಿಡಿದು ಬಂದಳು. ಒಳಗಿನ ಕೋಣೆಯಿಂದಲೇ ರೆಕಾರ್ಡ್ ಮಾಡಿದ್ದಳು. ಅಮ್ಮ ಕೈಯಲ್ಲಿ ಕಾಯಿಯ ಹೋಳು ಹಿಡಿದು ಪೂರ್ತಿ ಕೇಳಿದರು.

"ಇದು ಯಾರು?"

"ಆಜಿ, ಹೇ ತೂಚ್ ಆಹೇಸ್," ಎಂದಳು ಮಗಳು. ಅಜ್ಜಿ, ಇದು ನೀನೇ.

"ನಾನಾ?" ಎಂದ ಅಮ್ಮ ಮತ್ತೊಮ್ಮೆ ಕೇಳಿದರು. ಮತ್ತೆ ಕಾಯಿ ತುರಿಯಲು ಕೂತರು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆ ತಿರುಗಿಯೇ ಹೇಳಿದರು, "ಆ ಮಂಗಳ ನಿನ್ನ ಮೆಷಿನ್ನಿನಲ್ಲಿ ಬರ್ತದಾ ನೋಡು. ಸುಮ್ನೆ ಕೇಳಿದ್ದು."

ಸುಮ್ಮನೆ ಕೇಳಿದ್ದಕ್ಕೆ ನಾನು ಮರುದಿನ ರಜೆ ಹಾಕಿದೆ.

ಮಂಗಲೋತ್ಸವಕ್ಕೆ ಐದು ವಾರ ಇತ್ತು. ದಿನವೂ ಸಂಜೆ ಮೈನಸ್ ಐದಕ್ಕೆ ಇಳಿಸಿ, ಹಾರ್ಮೋನಿಯಂ ಧ್ವನಿ ಹಾಕಿ, ನಾನು ಬಾರಿಸುವುದು, ಅಮ್ಮ ಹಾಡುವುದು. ನಾನು ಒತ್ತುತ್ತಿದ್ದದ್ದು ಮಾತ್ರ ಅದೇ ಬಿಳಿ ಒಂದರ ಕೀಗಳನ್ನು, ಚೀಟಿ ನೋಡಿಕೊಂಡು. ಇಳಿಯುವ ಕೆಲಸವೆಲ್ಲ ಗುಂಡಿಯದು. ಅಮ್ಮನಿಗೆ ಆ ಶ್ರುತಿ ಗಂಟಲಿಗೆ ಹತ್ತಿಬಿಟ್ಟಿತು. ನಾನು ಸ್ವಿಚ್ ಹಾಕುವ ಮೊದಲೇ ಅವರು ಶುರು ಮಾಡಿದರೆ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತಿತ್ತು. ಕೆಳಗಿನ ಮನೆಯ ಮರಾಠಿ ಕಾಕು ಮೆಟ್ಟಿಲಿನಲ್ಲಿ ಸಿಕ್ಕಿ, "ತುಮ್ಚಾ ರೇಡಿಯೋ ಛಾನ್ ಆಹೆ" ಎಂದರು, ನಿಮ್ಮ ರೇಡಿಯೋ ಚೆನ್ನಾಗಿದೆ ಎಂದು. ರೇಡಿಯೋ ಅಲ್ಲ, ನಮ್ಮ ಅಮ್ಮ ಎಂದು ಹೇಳಲು ನನಗೆ ಎರಡು ಮಹಡಿಯಷ್ಟು ಸಮಯ ಹಿಡಿಯಿತು.

ಮಾಮನ ಅಪ್ಪಣೆ ಬೇಕಿತ್ತು. ಕಲ್ಯಾಣಕ್ಕೆ ಹೋಗಿ ಅವರ ಮನೆಯ ಸೋಫಾದ ತುದಿಯಲ್ಲಿ ಕೂತು ವಿಷಯ ಹೇಳಿದೆ.

"ನಂಗೆ ಬಿಳಿ ಒಂದೇ ಗೊತ್ತು ಮಾರಾಯ," ಎಂದರು ಅವರು, ಮುಚ್ಚುಮರೆ ಇಲ್ಲದೆ. "ಬೇರೆ ಕಲಿಯುವ ಹೊತ್ತಿಗೆ ಹೋಟ್ಲಿನ ಕ್ಯಾಶ್ ಮೇಲೆ ಕೂರ್ಸಿದ್ರು. ಅಲ್ಲಿ ಯಾವ ಶ್ರುತಿ?"

"ಒಂದೇ ಪದಕ್ಕೆ ಮಾಮ. ಮಂಗಳಕ್ಕೆ ಮಾತ್ರ."

"ಅದು ಕರೆಂಟಿನದ್ದು. ಕರೆಂಟ್ ಹೋದ್ರೆ?"

"ಸೆಲ್ ಹಾಕಿಕೊಂಡೇ ಬರ್ತೇನೆ."

"ಚಿಕ್ಕದಿರುವಾಗ್ಲೇ ನನ್ನ ಪೆಟ್ಟಿಗೆ ಮೇಲೆ ಕಣ್ಣಿಟ್ಟವ ನೀನು," ಎಂದರು. ಅದು ಒಪ್ಪಿಗೆ ಎಂದು ಅವರ ಹೆಂಡತಿ ಬಾಗಿಲವರೆಗೆ ಬಂದು ಅರ್ಥ ಬಿಡಿಸಿದರು.

ಮಂಗಲೋತ್ಸವದ ದಿನ ನನ್ನ ಚೀಲದಲ್ಲಿ ಇದ್ದವು: ಅಡಾಪ್ಟರ್, ಇನ್ನೊಬ್ಬರಿಂದ ತಂದ ಎರಡನೆಯ ಅಡಾಪ್ಟರ್, ಎಕ್ಸ್‌ಟೆನ್ಷನ್ ಬೋರ್ಡ್, ಇನ್ಸುಲೇಷನ್ ಟೇಪ್, ಕತ್ತರಿ, ಕೈಪಿಡಿ, ಅಮ್ಮನಿಗೆ ಕಲ್ಲುಸಕ್ಕರೆ, ನನಗೆ ರಕ್ತದೊತ್ತಡದ ಮಾತ್ರೆ. ಕೀಬೋರ್ಡಿನ ಹೊಟ್ಟೆಯಲ್ಲಿ ಆರು ಹೊಸ ಸೆಲ್. ರಿಕ್ಷಾದಲ್ಲಿ ಮೂವರ ತೊಡೆಯ ಮೇಲೆ ಅದನ್ನು ಅಡ್ಡ ಮಲಗಿಸಿಕೊಂಡು ಹೋದೆವು. ಒಂದು ತುದಿ ಸ್ವಲ್ಪ ಹೊರಗೆ ಚಾಚಿತ್ತು. ಸ್ಟೇಷನ್ ರಸ್ತೆಯಲ್ಲಿ ಎದುರು ಬಂದ ಪ್ರತಿ ಬೈಕಿಗೂ ನಾನು ಕಣ್ಣು ಮುಚ್ಚಿದೆ.

ಬೆಳಿಗ್ಗೆಯಿಂದ ಭಜನೆ, ಮಧ್ಯಾಹ್ನ ಊಟ, ಮತ್ತೆ ಭಜನೆ. ಏಳು ಗಂಟೆಯ ಹೊತ್ತಿಗೆ ಮಂಗಳದ ಸಮಯ ಬಂತು. ಸಭಾಂಗಣ ತುಂಬಿತ್ತು. ಮಾಮನ ಪಕ್ಕದಲ್ಲಿ ಕೀಬೋರ್ಡ್ ಇಟ್ಟು, ಅಡಾಪ್ಟರ್ ಸಿಕ್ಕಿಸಿ ಕೂತೆ, ಮೈನಸ್ ಐದು, ಹಾರ್ಮೋನಿಯಂ ಧ್ವನಿ, ಎಲ್ಲ ನೋಡಿದೆ. ನೋಡಿದ್ದೇನೆಯೇ ಎಂದು ಮತ್ತೆ ನೋಡಿದೆ. ಅಮ್ಮ ಮುಂದೆ ಬಂದು ಚಾಪೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. ಹಿಂದಿನ ಸಾಲಿನಲ್ಲಿ ಅವೇ ಹುಡುಗಿಯರು.

ಇಷ್ಟೆಲ್ಲ ಯೋಚಿಸಿದವನಿಗೆ ಒಂದು ಮರೆತಿತ್ತು. ಹುಟ್ಟಿದಾಗಿನಿಂದ ನೋಡಿದ್ದರಿಂದಲೇ ಮರೆತದ್ದು. ಮಂಗಳ ಎತ್ತುವಾಗ ಎಲ್ಲ ದೀಪ ಆರಿಸಿ ಬರೀ ಆರತಿಯ ಬೆಳಕು ಉಳಿಸುವುದು ನಮ್ಮ ಮಂಡಳಿಯ ರೂಢಿ. ಬೇರೆ ಬೇರೆ ಸ್ವಿಚ್ ಹುಡುಕುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಕಾರ್ಯದರ್ಶಿಯವರು ಪ್ರತಿ ವರ್ಷದಂತೆ ನೇರ ಮೇನ್ ಸ್ವಿಚ್ಚನ್ನೇ ಇಳಿಸಿದರು. ಹಾರ್ಮೋನಿಯಮ್ಮಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ದೀಪ, ಫ್ಯಾನ್, ಮೈಕ್, ಕೀಬೋರ್ಡ್ ಒಟ್ಟಿಗೇ ಸತ್ತವು.

ಸೆಲ್ ಇದೆಯಲ್ಲ. ಕತ್ತಲಲ್ಲಿ ಅಡಾಪ್ಟರ್ ಕಿತ್ತು ಸ್ವಿಚ್ ಒತ್ತಿದೆ, ಜೀವ ಬಂತು. ಆಹಾ, ನನ್ನ ಮುಂದಾಲೋಚನೆ ಎಂದುಕೊಂಡು ಅಮ್ಮನಿಗೆ ಷಡ್ಜ ಕೊಡಲು ಕೀ ಒತ್ತಿದೆ.

ಠಣ್ ಎಂದಿತು. ಪಿಯಾನೋ. ಅದೂ ಬಿಳಿ ಒಂದರಲ್ಲಿ.

ಒಮ್ಮೆ ಆರಿ ಹೊತ್ತಿದ ಕೀಬೋರ್ಡ್ ಎಲ್ಲವನ್ನೂ ಮರೆತು ಅಂಗಡಿಯಿಂದ ಬಂದ ದಿನಕ್ಕೆ ಹೋಗಿರುತ್ತದೆ. ಮೈನಸ್ ಐದು ಇಲ್ಲ, ಹಾರ್ಮೋನಿಯಂ ಇಲ್ಲ. ಪರದೆಗೆ ಬೆಳಕಿಲ್ಲ, ಗುಂಡಿ ಕಾಣುವುದಿಲ್ಲ. ನನಗೆ ನೆನಪಿದ್ದ ಒಂದೇ ಸಂಗತಿ ಎಂದರೆ ಆ ಗುಂಡಿಯ ಪಕ್ಕದ್ದೇ ಡೆಮೊ ಗುಂಡಿ. ತಪ್ಪಿ ಅದನ್ನು ಒತ್ತಿದರೆ ಡ್ರಮ್ಮು ಸಮೇತ ಡಿಸ್ಕೋ ಶುರುವಾಗುತ್ತದೆ, ದೇವರ ಮುಂದೆ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದದ್ದು ಕೇಳಿಸಿತು. ಅಮ್ಮ ಆ ಎತ್ತರದ ಷಡ್ಜವನ್ನೇ ಹಿಡಿದು ಏರುತ್ತಾರೆ, ಮತ್ತೆ ಒಡೆಯುತ್ತದೆ, ಈ ಸಲ ಒಡೆದದ್ದು ಕೂಡುವುದಿಲ್ಲ, ಮಾಡಿದವನು ನಾನು. ಇದಿಷ್ಟನ್ನೂ ಯೋಚಿಸಲು ನನಗೆ ಒಂದು ಉಸಿರು ಸಾಕಾಯಿತು. ಇಂಥದ್ದರಲ್ಲಿ ನನಗೆ ಅಭ್ಯಾಸವಿದೆ.

"ಬಿಡು ಮಗಾ," ಎಂದರು ಅಮ್ಮ ಮೆಲ್ಲಗೆ. ಆಮೇಲೆ ಹಾಡಿದರು.

ನನ್ನ ಠಣ್ ಅನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಐದು ವಾರ ಸಂಜೆ ಸಂಜೆ ಕೂತು ಅಭ್ಯಾಸ ಮಾಡಿದ ಆ ಜಾಗದಿಂದಲೇ, ತಮ್ಮ ಶ್ರುತಿಯಿಂದಲೇ ಎತ್ತಿದರು. ಮೈಕ್ ಇಲ್ಲದ ಕತ್ತಲಲ್ಲಿ ಆ ಧ್ವನಿ ಗೋಡೆಯವರೆಗೆ ಹೋಗಿ ಬಂತು. ಮೊದಲ ಸಾಲು ಮುಗಿಯುವಾಗ ತಾಳಗಳು ಸೇರಿದವು, ಎರಡನೆಯದಕ್ಕೆ ಜನ ಸೇರಿದರು. ಯಾವ ಪೆಟ್ಟಿಗೆಯೂ ಹೇಳದೆ ಇಡೀ ಮಂಡಳಿ ಅಮ್ಮನಿದ್ದಲ್ಲಿಗೆ ಇಳಿದು ಬಂದಿತ್ತು.

ನಾನು ಕತ್ತಲಲ್ಲಿ ಕೀಗಳನ್ನು ತಡವಿದೆ. ಬಿಟ್ಟುಬಿಟ್ಟಿದ್ದ ಕರಿ ಕೀಗಳು ಆಗ ಉಪಕಾರಕ್ಕೆ ಬಂದವು. ಎರಡರ ಗುಂಪು, ಮೂರರ ಗುಂಪು. ಮೂರರಲ್ಲಿ ಮೊದಲನೆಯದು, ಎರಡನೆಯದು, ಅವುಗಳ ನಡುವೆ ಬಿಳಿ ಐದು. ಮೆಲ್ಲಗೆ ಒತ್ತಿದೆ. ಅಮ್ಮನ ಷಡ್ಜ ಅಲ್ಲೇ ಇತ್ತು. ಯಾವ ಗುಂಡಿಯೂ ಇಲ್ಲದೆ ಇಷ್ಟು ದಿನವೂ ಅದು ಅಲ್ಲೇ ಇತ್ತು.

ಪಿಯಾನೋದ ಸ್ವರ ಉಳಿಯುವುದಿಲ್ಲ, ಒತ್ತಿದ ಮೇಲೆ ಕರಗುತ್ತದೆ. ಹಾಗಾಗಿ ಪ್ರತಿ ಸಾಲಿನ ಮೊದಲಿಗೆ ಒಂದು ಸಲ ಒತ್ತಿದೆ, ಗಂಟೆಯ ಹಾಗೆ. ಬೇರೆ ಯಾವ ಕೀಗೂ ಹೋಗುವ ಧೈರ್ಯ ನನಗಿರಲಿಲ್ಲ. ಎರಡನೆಯ ನುಡಿಗೆ ಬರುವಾಗ ಪಕ್ಕದಲ್ಲಿ ಹಾರ್ಮೋನಿಯಮ್ಮಿನ ತಿದಿ ಉಸಿರೆಳೆಯಿತು. ಮಾಮ ಒಂದು ಕೀ ಮುಟ್ಟಿದರು, ಬಿಟ್ಟರು, ಇನ್ನೊಂದು ಮುಟ್ಟಿದರು, ಬಿಟ್ಟರು, ಮೂರನೆಯದನ್ನು ಹಿಡಿದು ಬಿಡಲಿಲ್ಲ. ಬಿಳಿ ಐದು. ನಲವತ್ತು ವರ್ಷ ಮುಟ್ಟಬೇಡ ಎಂದವರೂ ಮುಟ್ಟದೆ ಉಳಿದವನೂ ಅಕ್ಕಪಕ್ಕ ಕೂತು ಒಂದೊಂದೇ ಬೆರಳಿನಲ್ಲಿ ಅಮ್ಮನ ಹಿಂದೆ ಹೋದೆವು. ಮೇಲಿನ ಷಡ್ಜ ಬಂತು. ನನಗೆ ಉಸಿರು ಹಿಡಿಯಲು ನೆನಪಾಗುವ ಮೊದಲೇ ಅವರು ಅದನ್ನು ದಾಟಿದ್ದರು.

ದೀಪ ಹೊತ್ತಿದಾಗ ಅಮ್ಮ ಆರತಿಗೆ ಕೈ ಮುಗಿಯುತ್ತಿದ್ದರು. ಮಾಮ ತಮ್ಮ ಬೆರಳು ಎಲ್ಲಿದೆ ಎಂದು ಬಗ್ಗಿ ನೋಡಿದರು.

"ಬಿಳಿ ಐದು ಅಕ್ಕ ನಿಮ್ದು. ಮೊದ್ಲೇ ಹೇಳ್ಬಾರ್ದಾ?"

"ನಿಮ್ಮ ಪೆಟ್ಟಿಗೆಯಲ್ಲಿ ಅದು ಉಂಟು ಅಂತ ನಂಗೆಂತ ಗೊತ್ತು? ನೀವು ಯಾವತ್ತಾದ್ರೂ ಬಾರ್ಸಿದ್ದುಂಟಾ?"

ಸುತ್ತಲಿನವರು ನಕ್ಕರು. ಮಾಮನೂ ನಕ್ಕರು, ಸ್ವಲ್ಪ ತಡವಾಗಿ.

ರಿಕ್ಷಾದಲ್ಲಿ ಮನೆಗೆ ಬರುವಾಗ ಕೀಬೋರ್ಡಿನ ಮೇಲೆ ಅಮ್ಮನ ಕೈ, ಕೈಯಲ್ಲಿ ಪ್ರಸಾದದ ಪೊಟ್ಟಣ. ಅವಲಕ್ಕಿ ಕೀಗಳ ಸಂದಿಗೆ ಬೀಳುತ್ತದೆ ಎಂದು ನನಗೆ ಆತಂಕ. ಅವರು ಹೊರಗೆ ನೋಡುತ್ತಲೇ ಹೇಳಿದರು, "ಬರುವ ಶನಿವಾರ ನಾನೊಂದು ಪದ ಹೇಳ್ತೇನೆ. ಆದ್ರೆ ನೀನು ಆ ಠಣ್ ಠಣ್ ಮಾಡ್ಲಿಕ್ಕಿಲ್ಲ. ಸರಿಯಾಗಿ ಕಲ್ತು ಬಾ."

ಹೀಗೆ ಈಗ ಭಾನುವಾರ ಬೆಳಿಗ್ಗೆ ಹಾರ್ಮೋನಿಯಂ ಮಾಮ ಕಲ್ಯಾಣದಿಂದ ನಮ್ಮ ಮನೆಗೆ ಬರುತ್ತಾರೆ. ನಾನು ಹಳೆಯ ಚೀಟಿಗಳನ್ನೆಲ್ಲ ಕಿತ್ತಿದ್ದೇನೆ. ಬಿಳಿ ಐದರಿಂದ ಶುರು ಮಾಡಿದರೆ ನಿಷಾದಕ್ಕೆ ಬರುವಾಗ ಒಂದೇ ಒಂದು ಕರಿ ಕೀ ಬರುತ್ತದೆ. ಅಷ್ಟೇ ಕಷ್ಟ. ಆ ಒಂದನ್ನು ನಾವಿಬ್ಬರೂ ಪ್ರತಿ ಸಲ ಮರೆತು ಪಕ್ಕದ ಬಿಳಿಯನ್ನು ಒತ್ತುತ್ತೇವೆ. ಒತ್ತಿದ ಕೂಡಲೇ ಅಡುಗೆಮನೆಯಲ್ಲಿ ದೋಸೆಯ ಹಾಡು ನಿಲ್ಲುತ್ತದೆ, ಸಟ್ಟುಗದಿಂದ ಕಾವಲಿಗೆ ಎರಡು ಪೆಟ್ಟು ಬೀಳುತ್ತವೆ, ನಾವು ಮೊದಲಿನಿಂದ ಶುರು ಮಾಡುತ್ತೇವೆ.